ಶಿರಸಿಲಿ ಕೈಯಲ್ಲೇ ಮಾಡ್ಕೊಡೋ ವೋಲ್ಟೇಜ್ ಡಬ್ಬಿ: ಒಂದು ಮಳೆಗಾಲ ಪೂರ್ತಿ ಬಳಸಿದ್ಮೇಲೆ ಬರೀತಿರೋದು

ಜೂನ್ ಮೊದಲ ವಾರ ತಗೊಂಡ ಬ್ಯಾಟ್ರಿ ಡಬ್ಬಿ ಇದು, ಕರೆಂಟ್ ಹೋದಾಗ ರೂಟರ್, ರೇಡಿಯೋ ಥರದ್ದಕ್ಕೆ ಬೇಕಾದ ವೋಲ್ಟೇಜ್ ಕೊಡೋದು, ಈಗ ದೀಪಾವಳಿ ಹತ್ರ ಬಂತು, ಮಳೆಗಾಲ ಪೂರ್ತಿ ಇದನ್ನೇ ನಂಬ್ಕೊಂಡು ಕಳೆದಿದ್ದೀವಿ, ಹಾಗಾಗಿ ಈಗ ಬರೆದ್ರೆ ಅದಕ್ಕೊಂದು ಅರ್ಥ ಇರತ್ತೆ ಅನ್ನಿಸ್ತು. ನಮ್ಮನೆ ಹುಲೇಕಲ್ ರಸ್ತೆಯಿಂದ ಒಳಗೆ, ಕರೆಂಟ್ ಲೈನು ಬೆಟ್ಟದ ಮಧ್ಯದಿಂದ ಬರೋದು, ಗಾಳಿಗೆ ಒಂದು ಮತ್ತಿ ಮರದ ಟೊಂಗೆ ಬಿದ್ರೆ ಸಾಕು ಆ ರಾತ್ರಿ ಕತ್ಲೆ, ಕೆಲವೊಮ್ಮೆ ಮಾರನೇ ದಿನಾನೂ ಕತ್ಲೆ. ನಾನು ಮನೆಯಿಂದ ಅಕೌಂಟ್ಸ್ ಕೆಲಸ ಮಾಡ್ತೀನಿ, ಮೊಬೈಲ್ ನೆಟ್‌ವರ್ಕ್ ಅಂಗಳದ ತುದೀಲಿ ನಿಂತ್ರೆ ಒಂದು ಗೆರೆ, ಹಾಗಾಗಿ ಫೈಬರ್ ರೂಟರ್ ಆಫ್ ಆಯ್ತು ಅಂದ್ರೆ ಆ ದಿನದ ಕೆಲಸ ಮುಗೀತು.

ಇನ್ವರ್ಟರ್ ಇಲ್ವಾ ಅಂತ ಎಲ್ರೂ ಕೇಳ್ತಾರೆ. ಇದೆ. ಆದ್ರೆ ನೋಡಿ, ರೂಟರಿಗೆ ಬೇಕಾಗೋದು 12 ವೋಲ್ಟು, ತಿನ್ನೋದು ಹೆಚ್ಚು ಕಡಿಮೆ 6 ವಾಟು. ಇನ್ವರ್ಟರಿನ 12 ವೋಲ್ಟ್ ಬ್ಯಾಟ್ರಿನ 230ಕ್ಕೆ ಏರ್ಸಿ ಆಮೇಲೆ ರೂಟರಿನ ಅಡಾಪ್ಟರ್ ಅದನ್ನ ವಾಪಸ್ 12ಕ್ಕೆ ಇಳ್ಸೋದು, ಏರ್ಸೋ ಕಡೆನೂ ನಷ್ಟ, ಇಳ್ಸೋ ಕಡೆನೂ ನಷ್ಟ, ಮೇಲಿಂದ ಇನ್ವರ್ಟರ್ ಸುಮ್ನೆ ಆನ್ ಆಗಿರೋಕೇ ತಾನೊಂದಷ್ಟು ತಿನ್ನತ್ತೆ. ಎರಡನೇ ದಿನ ಸಂಜೆ ದೀಪಕ್ಕೂ ಬ್ಯಾಟ್ರಿ ಉಳ್ದಿರಲ್ಲ. ಅದಕ್ಕೇ ನಂಗೆ ಬೇಕಾಗಿದ್ದು ನೇರವಾಗಿ ಬೇಕಾದ ವೋಲ್ಟೇಜೇ ಕೊಡೋ ಒಂದು ಡಬ್ಬಿ, ರೂಟರಿಗೆ 12, ಅತ್ತೆಯ ರೇಡಿಯೋಗೆ 6, ಮಗಳ ಹಳೇ ಕೀಬೋರ್ಡಿಗೆ 9.

ಬಿಡ್ಕಿಬೈಲ್ ಕಡೆಯಿಂದ ನಡ್ಕೊಂಡು ಹೋಗೋ ದೂರದಲ್ಲಿ ಒಂದು ಸಂದೀಲಿ ಸಣ್ಣ ರಿಪೇರಿ ಅಂಗಡಿ ಇದೆ, ಮಿಕ್ಸಿ, ಟೀವಿ, ಆಂಪ್ಲಿಫೈಯರ್ ಎಲ್ಲ ನೋಡ್ತಾರೆ. ಬೋರ್ಡಿಲ್ಲ. ಈ ಡಬ್ಬಿ ಅವ್ರೇ ಕೈಯಾರೆ ಮಾಡೋದು, ತಿಂಗಳಿಗೆ ನಾಲ್ಕೈದು ಮಾತ್ರ, ಈಗಿರೋ ಗಿರಾಕಿಗಳನ್ನೇ ಮುಗಿಸೋಕಾಗ್ತಿಲ್ಲ ಅಂತ ಹೆಸರು ಹಾಕ್ಬೇಡಿ ಅಂದ್ರು, ಹಾಕಲ್ಲ. ನಾನು ಕೊಟ್ಟಿದ್ದು 4,200 ರೂಪಾಯಿ. ಹಲಸಿನ ಮರದ ಪೆಟ್ಟಿಗೆ, ಊಟದ ಡಬ್ಬಿಯಷ್ಟು ದೊಡ್ಡದು, ಒಳಗೆ 18650 ಅನ್ನೋ ಅಳತೆಯ ಲಿಥಿಯಂ ಸೆಲ್ ಆರು, ಒಂದರ ಹಿಂದೆ ಒಂದು ಮೂರು, ಅಂಥ ಎರಡು ಸಾಲು. ಮೇಲೆ ಒಂದು ತಿರುಗ್ಸೋ ಗುಂಡಿ, ಒಂದು ಒತ್ತೋ ಬಟನ್, ಸಣ್ಣ ಡಿಸ್‌ಪ್ಲೇ. 3ರಿಂದ 15 ವೋಲ್ಟ್ ತನಕ ಯಾವುದು ಬೇಕೋ ಅದು.

ಮೊದ್ಲೇ ಹೇಳ್ಬೇಕು, ಇದು ನಂಗೆ ಎರಡನೇ ಡಬ್ಬಿ. ಮೊದಲಿಂದು ಬೇರೆ ಊರಿಂದ ತರ್ಸಿದ್ದು, ಅರ್ಧ ರೇಟಿಗೆ, ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಗುಂಡಿನೂ ಹಿಂಗೇ ತಿರುಗ್ತಿತ್ತು. ಒಂದಿನ ಅದರ ಗುಂಡಿ ಮುಟ್ಟಿದ ಕೂಡ್ಲೇ ರೂಟರ್ ಟಿಕ್ ಅಂತ ಸತ್ತೋಯ್ತು, 12ರಲ್ಲಿದ್ದ ಡಿಸ್‌ಪ್ಲೇ 20ರ ಮೇಲೆ ಹೋಗಿ ನಿಂತಿತ್ತು. ಸರಿ ನನ್ನ ಕೈ ತಪ್ಪಿರ್ಬೇಕು ಅಂತ ಹೊಸ ರೂಟರ್ ತಂದೆ. ಆಮೇಲೆ ಹೋದ ವರ್ಷ ಆಗಸ್ಟ್ ತಿಂಗಳಲ್ಲಿ ರಾತ್ರಿ ಇಲಿ ವೈರ್ ಕಡ್ದು ಎರಡು ತಂತಿ ಕೂಡ್ಕೊಂಡು, ಜಗುಲಿ ತುಂಬ ಪ್ಲಾಸ್ಟಿಕ್ ಸುಟ್ಟ ವಾಸ್ನೆ. ಅತ್ತೆಗೆ ಎಚ್ಚರ ಆಗಿದ್ದಕ್ಕೆ ಬಚಾವು. ವೈರಿನ ಮೇಲ್ಪದರ ಉದ್ದಕ್ಕೂ ಕರಗಿ ಗೋಡೆಗೆ ಅಂಟಿತ್ತು, ಅಲ್ಲೇ ಒಂದು ಮೊಳ ದೂರದಲ್ಲಿ ಸುಲಿದ ಅಡಿಕೆ ಗೋಣಿಚೀಲ. ಬಿಚ್ಚಿ ನೋಡಿದ್ರೆ ಒಳಗೆ ಫ್ಯೂಸೇ ಇಲ್ಲ. ಆ ರಾತ್ರಿ ನೆನಪಾದ್ರೆ ಈಗ್ಲೂ ಹೊಟ್ಟೆ ತಣ್ಣಗಾಗತ್ತೆ, ಹಾಗಾಗಿ ನಾನು ಈ ರಿವ್ಯೂನಲ್ಲಿ ಎಷ್ಟು ಗಂಟೆ ಬರತ್ತೆ ಅನ್ನೋದಕ್ಕಿಂತ ಏನಾದ್ರೂ ಕೆಟ್ಟಾಗ ಡಬ್ಬಿ ಹೆಂಗೆ ನಡ್ಕೊಳತ್ತೆ ಅನ್ನೋದನ್ನೇ ಜಾಸ್ತಿ ಬರೀತೀನಿ.

ಈ ಅಂಗಡಿಯವ್ರು ಹಿಂದೆ ಗಲ್ಫಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡ್ತಿದ್ದವ್ರು. ಅಲ್ಲಿ ಜನ ಕೈಯಲ್ಲಿ ಮಾಡಿದ ವೇಪ್ (ಇ-ಸಿಗರೇಟು) ಡಬ್ಬಿ ರಿಪೇರಿಗೆ ತರ್ತಿದ್ರಂತೆ, ಮರದ ಪೆಟ್ಟಿಗೆ, ಒಳಗೆ ಇದೇ 18650 ಸೆಲ್ಲು, ವೋಲ್ಟೇಜ್ ಹೆಚ್ಚು ಕಡಿಮೆ ಮಾಡೋ ಬೋರ್ಡು. ಅದನ್ನ ಬಾಯಿ ಹತ್ರ ಹಿಡ್ಕೊಳ್ತಾರೆ, ಪ್ಯಾಂಟ್ ಜೇಬಲ್ಲಿ ಇಟ್ಕೊಳ್ತಾರೆ, ಒಂದು ತಪ್ಪಾದ್ರೆ ಮೈ ಸುಡತ್ತೆ, ಹಾಗಾಗಿ ಅದನ್ನ ಸರಿಯಾಗಿ ಮಾಡೋರು ಸೇಫ್ಟಿ ಬಗ್ಗೆ ತುಂಬ ತಲೆ ಕೆಡ್ಸ್ಕೊಂಡಿರ್ತಾರೆ, ನಾನು ಕಲ್ತಿದ್ದೆಲ್ಲ ಕೆಟ್ಟೋಗಿ ಬಂದ ಆ ಡಬ್ಬಿಗಳಿಂದ ಅಂತ ಹೇಳಿದ್ರು. ನಮ್ಮಲ್ಲಿ ಆ ಸಾಮಾನು ಮಾಡೋದು, ಮಾರೋದು, ಹೊರಗಿಂದ ತರ್ಸೋದು ಎಲ್ಲ 2019ರ ಕಾಯ್ದೆ ಪ್ರಕಾರ ನಿಷೇಧ, ಕರ್ನಾಟಕದಲ್ಲಿ 2016ರಲ್ಲೇ ನಿಲ್ಸಿದ್ರು, ದಾಸ್ತಾನು ಇಟ್ಕೊಂಡ್ರೂ 6 ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ, ಇಲ್ಲಾ ಎರಡೂ. ಅದು ನಮ್ಮೂರ ಹುಡುಗ್ರ ಕೈಗೆ ಬರ್ದೇ ಇದ್ರೇ ಒಳ್ಳೇದು ಅಂತ ನಾನೂ ಹೇಳ್ತೀನಿ, ಅಂಗಡಿಯವ್ರೂ ಅದನ್ನ ಮುಟ್ಟಲ್ಲ, ಯಾರಾದ್ರೂ ಕೇಳ್ಕೊಂಡು ಬಂದ್ರೆ ಹಂಗೇ ವಾಪಸ್ ಕಳಿಸ್ತಾರೆ. ಆದ್ರೆ ಅಲ್ಲಿ ಕಲ್ತ ಜಾಗ್ರತೆ ರೂಟರ್ ಡಬ್ಬಿಗೆ ಬಂದಿದೆಯಲ್ಲ, ಅದರ ಉಪಯೋಗ ನಮಗೆ.

ಗುಂಡಿ ವಿಷ್ಯ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ನನ್ನ ರೂಟರ್ ಯಾಕೆ ಸತ್ತಿದ್ದು ಅಂತ ನಂಗೆ ಗೊತ್ತಾಗಿದ್ದೇ ಇವ್ರ ಅಂಗಡಿ ಮೆಟ್ಲ ಮೇಲೆ ಕೂತಾಗ. ವೋಲ್ಟೇಜ್ ಹಿಡಿತದಲ್ಲಿಡೋ ಚಿಪ್ಪು ಹೊರಗೆ ಹೋಗ್ತಿರೋ ವೋಲ್ಟೇಜಿನ ಒಂದು ಪಾಲನ್ನ ಸದಾ ನೋಡ್ತಾ ಇರತ್ತೆ. ಆ ಪಾಲು ಸಿಗೋದು ಎರಡು ರೆಸಿಸ್ಟರಿನ (ಕರೆಂಟಿಗೆ ತಡೆ ಒಡ್ಡೋ ಬಿಡಿಭಾಗ) ಮಧ್ಯದಿಂದ, ಮೇಲಿಂದು ಔಟ್‌ಪುಟ್ಟಿಗೆ ಸೇರಿರತ್ತೆ, ಕೆಳಗಿಂದು ಗ್ರೌಂಡಿಗೆ, ಅಂದ್ರೆ ಮೈನಸ್ ಕಡೆಗೆ. ಅಗ್ಗದ ಬೋರ್ಡುಗಳಲ್ಲಿ ತಿರುಗ್ಸೋ ಗುಂಡಿ ಇರೋದು ಮೇಲಿನ ರೆಸಿಸ್ಟರ್ ಜಾಗದಲ್ಲಿ. ಗುಂಡಿ ಒಳಗಿನ ಪಟ್ಟಿ ಸವೆದೋ, ತೇವಕ್ಕೆ ಕಿಲುಬು ಹಿಡ್ದೋ ಒಂದು ಕ್ಷಣ ಸಂಪರ್ಕ ಬಿಟ್ರೆ ಚಿಪ್ಪಿಗೆ ಸೊನ್ನೆ ಕಾಣತ್ತೆ, ಓ ವೋಲ್ಟೇಜ್ ಬಿದ್ದಿದೆ ಅಂತ ಅದು ಏರ್ಸ್ತಾ ಏರ್ಸ್ತಾ ತನ್ನ ಕೈಲಾದಷ್ಟು ಮೇಲೆ ಹೋಗತ್ತೆ. 12 ವೋಲ್ಟಿನ ರೂಟರಿಗೆ 20ರ ಮೇಲೆ ಬಂದ್ರೆ ಅದೆಲ್ಲಿ ಉಳಿಯತ್ತೆ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಬೀರುವಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯತ್ತೆ, ಗುಂಡಿಗೆ ಕಿಲುಬು ಹಿಡಿಯೋದ್ರಲ್ಲಿ ಆಶ್ಚರ್ಯ ಏನಿದೆ.

ಇವ್ರು ಮಾಡಿದ್ದೇನಪ್ಪಾ ಅಂದ್ರೆ ಗುಂಡಿನ ಕೆಳಗಿನ ರೆಸಿಸ್ಟರ್ ಜಾಗಕ್ಕೆ ಹಾಕಿದ್ದಾರೆ, ಅಷ್ಟೇ. ಈಗ ಸಂಪರ್ಕ ಬಿಟ್ರೆ ಚಿಪ್ಪಿಗೆ ಪೂರ್ತಿ ವೋಲ್ಟೇಜ್ ಕಾಣತ್ತೆ, ಓ ಜಾಸ್ತಿ ಆಯ್ತು ಅಂತ ಕೆಳಗೆ ಇಳ್ಸತ್ತೆ, 1 ವೋಲ್ಟ್ ಚಿಲ್ರೆಗೆ ಬಂದು ನಿಲ್ಲತ್ತೆ. ರೂಟರ್ ಆಫ್ ಆಗತ್ತೆ, ಸಾಯಲ್ಲ. ನನ್ನೆದುರಿಗೇ ಗುಂಡಿಯ ಒಂದು ತಂತಿ ಬಿಚ್ಚಿ ತೋರ್ಸಿದ್ರು, ಡಿಸ್‌ಪ್ಲೇಲಿ 12 ಇದ್ದಿದ್ದು ಸರ್ರಂತ ಕೆಳಗೆ ಬಂತು. ಒಂದು ರೂಪಾಯಿ ಹೆಚ್ಚಿಗೆ ಖರ್ಚಿಲ್ಲ ಮಾರಾಯ್ರೆ ಇದಕ್ಕೆ, ಯೋಚ್ನೆ ಮಾಡ್ಬೇಕಷ್ಟೆ. ಇದರಲ್ಲಿ ಒಂದು ತೊಂದ್ರೆನೂ ಇದೆ, ಹಿಂಗೆ ಹಾಕಿದಾಗ ಗುಂಡಿಯ ಗೆರೆಗಳು ಸಮ ಬರಲ್ಲ, 3ರಿಂದ 6ರ ತನಕ ದೊಡ್ಡ ಜಾಗ, 9ರಿಂದ 15 ಎಲ್ಲ ಕೊನೇಲಿ ಇಕ್ಕಟ್ಟಾಗಿ ಸೇರ್ಕೊಳತ್ತೆ, ಕೈಯಲ್ಲಿ ಸರಿಯಾಗಿ 12ಕ್ಕೆ ನಿಲ್ಸೋದು ಕಷ್ಟ. ಅದಕ್ಕೆ ಪಕ್ಕದಲ್ಲೇ ಇನ್ನೊಂದು ಆಯ್ಕೆ ಸ್ವಿಚ್ ಕೊಟ್ಟಿದ್ದಾರೆ, 5, 6, 9, 12, ಟಕ್ ಟಕ್ ಅಂತ ಕೂರತ್ತೆ, ಐದನೇ ಮನೆಗೆ ಹಾಕಿದ್ರೆ ಮಾತ್ರ ಗುಂಡಿ ಕೆಲಸ ಮಾಡತ್ತೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಆ ಕ್ಷಣದಲ್ಲೂ ವೋಲ್ಟೇಜ್ ಬೀಳತ್ತೆ ಹೊರತು ಏರಲ್ಲ. ನಾನಂತೂ ನಾಲ್ಕು ತಿಂಗಳಲ್ಲಿ ಗುಂಡಿ ಮುಟ್ಟಿದ್ದು ಎರಡೋ ಮೂರೋ ಸಲ.

ಫ್ಯೂಸು ಬ್ಯಾಟ್ರಿಯ ಪ್ಲಸ್ ಹತ್ರಾನೇ ಇದೆ, ಕಾರಿಗೆ ಹಾಕೋ ಚಪ್ಪಟೆ ಫ್ಯೂಸು, 5 ಆಂಪಿಂದು, ಯಾವ ಆಟೋಮೊಬೈಲ್ ಅಂಗಡೀಲಾದ್ರೂ ಸಿಗತ್ತೆ. ಹತ್ರಾನೇ ಇರೋದು ಮುಖ್ಯ ಅಂತೆ, ಯಾಕಂದ್ರೆ ಫ್ಯೂಸಿಗಿಂತ ಮೊದಲಿನ ವೈರಿಗೆ ಯಾವ ರಕ್ಷಣೆನೂ ಇರಲ್ಲ, ಆ ವೈರು ಎಷ್ಟು ಗಿಡ್ಡ ಇದ್ರೆ ಅಷ್ಟು ಒಳ್ಳೇದು. ಸೆಲ್‌ಗಳ ವಿಷ್ಯದಲ್ಲಿ ನಂಗೆ ಹೊಸದಾಗಿ ಗೊತ್ತಾಗಿದ್ದು ಏನು ಅಂದ್ರೆ, 18650ರ ಮೈ ಪೂರ್ತಿ ಮೈನಸ್, ಪ್ಲಸ್ ಅನ್ನೋದು ತಲೆ ಮೇಲಿನ ಸಣ್ಣ ಬೊಟ್ಟು ಮಾತ್ರ, ಎರಡರ ಮಧ್ಯ ಇರೋದು ಒಂದು ಕೂದಲೆಳೆಯಷ್ಟು ಜಾಗ ಮತ್ತೆ ಮೇಲಿನ ಪ್ಲಾಸ್ಟಿಕ್ ಸುತ್ತು. ಆ ಸುತ್ತು ಹರಿದ್ರೆ ಕೀಲಿಕೈಯೋ ನಾಣ್ಯವೋ ತಾಗಿದ್ರೂ ಶಾರ್ಟ್. ಬಿಡಿ ಸೆಲ್ ಜೇಬಲ್ಲಿ ಹಾಕ್ಕೊಂಡು ಸುಟ್ಕೊಳ್ಳೋದು ಹಿಂಗೇ. ಇವ್ರು ಪ್ರತಿ ಸೆಲ್ಲಿನ ತಲೆಗೂ ಬಾರ್ಲಿ ಪೇಪರಿನ (ಕರೆಂಟ್ ಹಾಯದ ಕಾಗದ) ಬಳೆ ಅಂಟ್ಸಿ, ನಿಕ್ಕಲ್ ಪಟ್ಟಿನ ಸ್ಪಾಟ್ ವೆಲ್ಡ್ ಮಾಡ್ತಾರೆ, ಬೆಸುಗೆ ಕಡ್ಡಿ ಸೆಲ್ಲಿಗೆ ಮುಟ್ಸಲ್ಲ, ಅಷ್ಟು ಬಿಸಿ ಸೆಲ್ಲಿನ ಒಳಗೆ ಹೋಗ್ಬಾರ್ದು ಅಂತ. ಪೆಟ್ಟಿಗೆಯ ಎರಡೂ ಪಕ್ಕ ಸಾಲಾಗಿ ತೂತು ಇದೆ, ನಾನು ಗಾಳಿಗೆ ಅಂದ್ಕೊಂಡಿದ್ದೆ, ಅದು ಗ್ಯಾಸಿಗೆ. ಸೆಲ್ ಕೆಟ್ಟು ಬಿಸಿ ಗ್ಯಾಸ್ ಬಿಟ್ರೆ ಅದಕ್ಕೆ ಹೋಗೋಕೆ ದಾರಿ ಬೇಕು, ದಾರಿ ಇಲ್ದ ಗಟ್ಟಿ ಪೆಟ್ಟಿಗೆ ಅಂದ್ರೆ ಗರ್ನಾಲು. ವೇಪ್ ಡಬ್ಬಿ ಒಡೆದು ಜನಕ್ಕೆ ಗಾಯ ಆಗ್ತಿದ್ದಿದ್ದು ಹೀಗೂ ಇತ್ತಂತೆ.

ಮರ ಅಂದ್ರೆ ಬೆಂಕಿ ಹಿಡಿಯಲ್ವಾ ಅಂತ ಕೇಳ್ದೆ. ಒಳಗೆ ಪೂರ್ತಿ ಅಲ್ಯೂಮಿನಿಯಂ ತಗಡಿನ ಪದರ, ಅದರ ಮೇಲೆ ಮತ್ತೆ ಇನ್ಸುಲೇಷನ್ ಪೇಪರ್. ನಂಗೆ ಸಮಾಧಾನ ಆಯ್ತು. ಆದ್ರೂ ಅದನ್ನ ಅಡಿಕೆ ಚೀಲದ ಹತ್ರ ಇಡಲ್ಲ, ಸಿಮೆಂಟ್ ಕಟ್ಟೆ ಮೇಲೇ ಇಡೋದು.

ಚಾರ್ಜಿಂಗಿಗೆ ಬೇರೇನೇ ಚಾರ್ಜರ್, 12.6 ವೋಲ್ಟು 2 ಆಂಪು, ಅದನ್ನ ಬಿಟ್ಟು ಬೇರೆ ಹಾಕ್ಬಾರ್ದು ಅಂತ ಪೆಟ್ಟಿಗೆ ಮೇಲೆ ಕೆಂಪು ಬಣ್ಣದಲ್ಲಿ ಬರ್ದಿದ್ದಾರೆ. ಸೆಲ್ ಒಂದಕ್ಕೆ ಪೂರ್ತಿ ತುಂಬಿದಾಗ 4.2, ಮೂರಕ್ಕೆ 12.6, ಲೆಕ್ಕ ಸರಿ. ಒಳಗೆ ಬಿಎಂಎಸ್ ಅನ್ನೋ ಬ್ಯಾಟ್ರಿ ಕಾಯೋ ಬೋರ್ಡ್ ಇದೆ, ಯಾವುದೇ ಒಂದು ಸೆಲ್ ಮಿತಿ ಮೀರಿದ್ರೆ ಕಟ್ ಮಾಡತ್ತೆ, ಮೂರನ್ನೂ ಸಮ ಇಡತ್ತೆ. ಆದ್ರೆ ಬಿಎಂಎಸ್ ಅನ್ನೋದು ಚಾರ್ಜರ್ ಅಲ್ಲ, ಕೊನೇ ಕಾವಲುಗಾರ ಮಾತ್ರ, ಮನೇಲಿ ಬಿದ್ದಿರೋ ಯಾವುದೋ ಹಳೇ ಅಡಾಪ್ಟರ್ ಚುಚ್ಚಿ ಬಿಎಂಎಸ್ ನೋಡ್ಕೊಳತ್ತೆ ಅಂತ ಬಿಡೋದು ತಪ್ಪು ಅಂತ ಎರಡು ಸಲ ಹೇಳಿ ಕಳ್ಸಿದ್ರು. ಸೆಲ್ ಮಧ್ಯ ಒಂದು ಶಾಖದ ಸೆನ್ಸರ್ ಅಂಟ್ಸಿದ್ದಾರೆ, 45 ಡಿಗ್ರಿ ದಾಟಿದ್ರೆ ಚಾರ್ಜಿಂಗ್ ನಿಲ್ಲತ್ತೆ. ಪ್ಲಸ್ ಮೈನಸ್ ಉಲ್ಟಾ ಇರೋ ಚಾರ್ಜರ್ ಹಾಕಿದ್ರೂ ಏನೂ ಆಗಲ್ಲ, ಒಳಗೆ ಹೋಗೋಕೇ ಬಿಡಲ್ಲ. ಇದನ್ನ ನಾನು ಬೇಕಂತ ಪರೀಕ್ಷೆ ಮಾಡ್ಲಿಲ್ಲ, ನನ್ನ ಎದುರಿಗೆ ಅವ್ರೇ ಮಾಡಿ ತೋರ್ಸಿದ್ರು.

ಇನ್ನು ಅನುಕೂಲ. ಬಟನ್ ಐದು ಸಲ ಬೇಗ ಬೇಗ ಒತ್ತಿದ್ರೆ ಲಾಕ್, ಮತ್ತೆ ಐದು ಸಲ ಒತ್ತಿದ್ರೆ ಅನ್‌ಲಾಕ್. ಇದೂ ವೇಪ್ ಡಬ್ಬಿಯಿಂದಾನೇ ಬಂದಿದ್ದು, ಜೇಬಲ್ಲಿ ತಾನಾಗೇ ಆನ್ ಆಗ್ಬಾರ್ದು ಅಂತ ಅಲ್ಲಿ ಮಾಡಿದ್ದು. ನಮ್ಮನೇಲಿ ಮಕ್ಕಳಿಗೋಸ್ಕರ ಉಪಯೋಗ ಆಯ್ತು, ಚೌತಿಗೆ ಬಂದ ಮಕ್ಕಳೆಲ್ಲ ಒತ್ತಿದ್ದೇ ಒತ್ತಿದ್ದು, ಏನೂ ಆಗ್ಲಿಲ್ಲ. ಬಟನ್ನಿನಲ್ಲಿ ದೊಡ್ಡ ಕರೆಂಟ್ ಹರಿಯಲ್ಲ, ಅದು ಒಳಗಿನ ಮಾಸ್‌ಫೆಟ್ಟಿಗೆ (ಸ್ವಿಚ್ ಥರ ಕೆಲಸ ಮಾಡೋ ಎಲೆಕ್ಟ್ರಾನಿಕ್ ಬಿಡಿಭಾಗ) ಸಿಗ್ನಲ್ ಕೊಡತ್ತೆ ಅಷ್ಟೇ, ಹಂಗಾಗಿ ಬಟನ್ ಬೇಗ ಸುಡಲ್ಲ. ಆದ್ರೆ ಮಾಸ್‌ಫೆಟ್ ಕೆಟ್ರೆ ಎಷ್ಟೋ ಸಲ ಆನ್ ಆಗೇ ಅಂಟ್ಕೊಳತ್ತೆ, ಆಗ ಬಟನ್ ಎಷ್ಟು ಒತ್ತಿದ್ರೂ ಆಫ್ ಆಗಲ್ಲ, ಅದಕ್ಕೇ ಅಡಿ ಭಾಗದಲ್ಲಿ ಒಂದು ಮಾಮೂಲಿ ದಪ್ಪ ಸ್ವಿಚ್ ಇದೆ, ಅದು ಬ್ಯಾಟ್ರಿನೇ ಕಡಿದು ಹಾಕತ್ತೆ. ಎರಡು ದಿನಕ್ಕಿಂತ ಜಾಸ್ತಿ ಊರಿಗೆ ಹೋಗೋದಿದ್ರೆ ಅದನ್ನೇ ಆಫ್ ಮಾಡ್ತೀನಿ. ಡಿಸ್‌ಪ್ಲೇ ಸದಾ ಉರಿಯಲ್ಲ, ಒತ್ತಿದಾಗ ಕೆಲವು ಸೆಕೆಂಡ್ ಮಾತ್ರ, ಮೊದಲು ಬ್ಯಾಟ್ರಿ ವೋಲ್ಟೇಜ್ ತೋರ್ಸತ್ತೆ ಆಮೇಲೆ ಔಟ್‌ಪುಟ್. ಪಿನ್ನುಗಳು ಎರಡು ಅಳತೆ ಕೊಟ್ಟಿದ್ದಾರೆ, ಒಳಗಿನ ತೂತು 2.1 ಮತ್ತೆ 2.5 ಮಿಲಿಮೀಟರ್, ಹೊರಗಿಂದ ನೋಡೋಕೆ ಎರಡೂ ಒಂದೇ, ಅದಕ್ಕೆ ಬೇರೆ ಬೇರೆ ಬಣ್ಣದ ಟೇಪ್. ಮಗಳ ಕೀಬೋರ್ಡಿಗೆ ಮಧ್ಯದಲ್ಲಿ ಮೈನಸ್ ಬರ್ಬೇಕು, ರೂಟರಿಗೆ ಮಧ್ಯದಲ್ಲಿ ಪ್ಲಸ್, ನಾನು ಅದನ್ನ ಹೇಳ್ದೇ ಇದ್ರೂ ಅವ್ರೇ ಕೀಬೋರ್ಡಿನ ಹಿಂದಿನ ಚಿತ್ರ ಫೋನಲ್ಲಿ ಕಳ್ಸಿ ಅಂತ ಕೇಳಿ ಒಂದು ಬೇರೆ ಕೇಬಲ್ ಮಾಡಿ ಅದಕ್ಕೆ ಹಳದಿ ಟೇಪ್ ಸುತ್ತಿ ಕೊಟ್ರು. ಅಂಗಡಿ ಸಾಮಾನಲ್ಲಿ ಇದು ಸಿಗತ್ತಾ ಹೇಳಿ.

ಜುಲೈಲಿ ಒಂದು ವಾರ ಬಿಡದೇ ಹೊಡೀತಲ್ಲ, ಆಗ ಗೊತ್ತಾಗಿದ್ದು ಇದರ ಬೆಲೆ. ಬುಧವಾರ ಮಧ್ಯಾಹ್ನ ಕರೆಂಟ್ ಹೋಯ್ತು, ರೂಟರ್ ಒಂದು ಸಲ ಕಣ್ಣು ಕೂಡ ಮಿಟುಕಿಸ್ಲಿಲ್ಲ, ಚಾರ್ಜರಿಂದ ಬ್ಯಾಟ್ರಿಗೆ ತಾನೇ ಬದಲಾಯ್ತು, ನಾನು ಮೀಟಿಂಗಲ್ಲಿದ್ದೆ, ಫ್ಯಾನ್ ನಿಂತ್ಮೇಲೇ ಗೊತ್ತಾಗಿದ್ದು. ಸೆಲ್ ಒಂದೊಂದೂ 2600 ಎಂಎಎಚ್, ಒಟ್ಟು ಸುಮಾರು 58 ವಾಟ್ ಅವರ್, 6 ವಾಟಿನ ರೂಟರಿಗೆ ನಷ್ಟ ಕಳ್ದು 8 ಗಂಟೆ ಬರ್ಬೇಕು, ನಂಗೆ ಎಂಟೂ ಕಾಲು ಬಂತು. ರಾತ್ರಿ ಆಫ್ ಮಾಡಿ ಇಟ್ಟಿದ್ದಕ್ಕೆ ಗುರುವಾರ ಬೆಳಿಗ್ಗೆ ಕೆಲ್ಸಕ್ಕೂ ಸಿಕ್ತು. ಆನ್‌ಲೈನಲ್ಲಿ 9900 ಎಂಎಎಚ್ ಅಂತ ಬರ್ದಿರೋ 18650 ಸೆಲ್ ನೂರು ರೂಪಾಯಿಗೆ ಸಿಗತ್ತೆ, ಅದು ಸುಳ್ಳು, ಆ ಗಾತ್ರದ ಸೆಲ್ಲಲ್ಲಿ ಒಳ್ಳೇ ಕಂಪನಿಯವ್ರಿಗೂ 3500ರ ಆಸುಪಾಸು ದಾಟೋದು ಕಷ್ಟ. ಅತ್ತೆ ಸಂಜೆ ಧಾರವಾಡ ಆಕಾಶವಾಣಿ ಕೇಳ್ತಾರೆ, 6 ವೋಲ್ಟಲ್ಲಿ ರೇಡಿಯೋ ತಿನ್ನೋದು ಲೆಕ್ಕಕ್ಕೇ ಇಲ್ಲ. ಒಂದೇ ಬೇಜಾರು ಅಂದ್ರೆ ರೇಡಿಯೋನ ಡಬ್ಬಿ ಪಕ್ಕದಲ್ಲೇ ಇಟ್ರೆ ಗೊರ್ರ್ ಅನ್ನತ್ತೆ, ವೋಲ್ಟೇಜ್ ಬದಲಾಯ್ಸೋ ಬೋರ್ಡಿನ ಸದ್ದು ಮೀಡಿಯಂ ವೇವಲ್ಲಿ ಬರತ್ತೆ, ಉದ್ದ ವೈರ್ ಹಾಕಿ ನಾಲ್ಕಡಿ ದೂರ ಇಟ್ಮೇಲೆ ಕಡಿಮೆ ಆಯ್ತು, ಪೂರ್ತಿ ಹೋಗ್ಲಿಲ್ಲ.

ನನ್ನ ತಂಗಿ ಕಾರವಾರದಲ್ಲಿ ಬೈತಖೋಲ್ ಕಡೆ ಇರೋದು, ನನ್ನದು ನೋಡಿ ಅವ್ಳೂ ಒಂದು ಮಾಡ್ಸಿದ್ಲು. ಅಲ್ಲಿ ಕಥೆ ಬೇರೆ, ಮಳೆಗಿಂತ ಉಪ್ಪು ಗಾಳಿ ಕಾಟ. ಎರಡೇ ತಿಂಗಳಿಗೆ ಪಿನ್ ಜಾಗ ಹಸಿರು ಹಿಡೀತು, ರೂಟರ್ ಆಗಾಗ ಆಫ್ ಆಗೋಕೆ ಶುರು. ವಾಪಸ್ ತಂದಾಗ ಅಂಗಡಿಯವ್ರು ಬೈಲಿಲ್ಲ, ಕರಾವಳಿಗೆ ಬೇರೆ ಥರ ಮಾಡ್ಬೇಕಿತ್ತು, ನಂದೇ ತಪ್ಪು ಅಂದ್ರು, ದುಡ್ಡು ತಗೊಳ್ದೇ ಪಿನ್ ಬದಲಾಯ್ಸಿ, ಬೋರ್ಡಿಗೆ ಎರಡು ಸಲ ವಾರ್ನಿಷ್ ಹಚ್ಚಿ, ಹಿತ್ತಾಳೆ ಸ್ಕ್ರೂ ಹಾಕಿ, ಪಿನ್ನಿಗೆ ರಬ್ಬರ್ ಮುಚ್ಚಳ ಕೊಟ್ರು. ತಿಂಗಳಿಗೊಂದ್ಸಲ ಪಿನ್ನಿಗೆ ಚೂರು ವ್ಯಾಸಲೀನ್ ಹಚ್ಚೋಕೆ ಹೇಳಿದ್ದಾರೆ. ಈಗ ಸರಿ ಇದೆ. ಕುಮಟಾ, ಹೊನ್ನಾವರ, ಅಂಕೋಲಾ ಕಡೆಯವ್ರು ಮಾಡ್ಸೋದಿದ್ರೆ ಸಮುದ್ರದ ಹತ್ರ ಮನೆ ಅಂತ ಮೊದ್ಲೇ ಹೇಳಿ.

ಸರಿ ಇಲ್ದಿರೋದೂ ಹೇಳ್ಬೇಕಲ್ಲ. ಮುಚ್ಚಳ ಜುಲೈಲಿ ತೇವಕ್ಕೆ ಉಬ್ಬಿ ಬಿಗಿಯಾಗಿ ಕೂತ್ಬಿಡ್ತು, ಫ್ಯೂಸ್ ಇರೋದು ಒಳಗೆ, ಅಂದ್ರೆ ಫ್ಯೂಸ್ ಹೋದ್ರೆ ಸ್ಕ್ರೂ ಡ್ರೈವರ್ ಹಿಡ್ಕೊಂಡು ಕತ್ಲೆಯಲ್ಲಿ ಒದ್ದಾಡ್ಬೇಕು. ಫ್ಯೂಸ್ ಹೊರಗಿಂದ ತೆಗೆಯೋ ಹಂಗೆ ಇರ್ಬೇಕಿತ್ತು, ಇದನ್ನ ಹೇಳಿದ್ದೀನಿ, ಮುಂದಿನದ್ರಲ್ಲಿ ಮಾಡ್ತೀನಿ ಅಂದಿದ್ದಾರೆ. ಅತ್ತೆಯ ಬೆರಳಿಗೆ ಐದು ಸಲ ಬೇಗ ಒತ್ತೋದು ಆಗಲ್ಲ, ನಾನು ಮನೇಲಿಲ್ದಾಗ ಲಾಕ್ ಆಗಿದ್ರೆ ಅವ್ರಿಗೆ ರೇಡಿಯೋ ಇಲ್ಲ, ವಯಸ್ಸಾದವ್ರಿಗೆ ಒತ್ತಿ ಹಿಡಿಯೋ ಥರ ಒಂದು ಆಯ್ಕೆ ಇದ್ರೆ ಎಷ್ಟು ಒಳ್ಳೇದಿತ್ತು. ಡಿಸ್‌ಪ್ಲೇ ಬಿಸಿಲಲ್ಲಿ ಕಾಣಲ್ಲ. ಸಿಡಿಲಿಗೆ ಇದರಲ್ಲಿ ಏನೂ ರಕ್ಷಣೆ ಇಲ್ಲ, ಗುಡುಗು ಶುರುವಾದ್ರೆ ಚಾರ್ಜರ್ ಗೋಡೆಯಿಂದ ಕೀಳ್ಲೇಬೇಕು. ಬಿಲ್ಲು ಅಂದ್ರೆ ಒಂದು ಚೀಟಿ, ಬೋರ್ಡಿಗೆ ಒಂದು ವರ್ಷ ಸೆಲ್ಲಿಗೆ ಆರು ತಿಂಗಳು ಅಂತ ಪೆನ್ನಲ್ಲಿ ಬರ್ದು ಕೊಟ್ಟಿದ್ದು. ಮ್ಯಾನುಯಲ್ ಇಲ್ಲ, ನಾನೇ ಒಂದು ಹಾಳೆಲಿ ಬರ್ದು ಪೆಟ್ಟಿಗೆ ಅಡಿಗೆ ಅಂಟ್ಸಿದ್ದೀನಿ. ಮತ್ತೆ ಕಾಯ್ಬೇಕು, ನಂಗೆ ಮೂರು ವಾರ ಹಿಡೀತು, ಮಳೆ ಶುರುವಾದ್ಮೇಲೆ ಹೋದ್ರೆ ಇನ್ನೂ ಜಾಸ್ತಿ.

ಇಲ್ಲೇ ಅಂತಲ್ಲ, ಯಾರ ಹತ್ರ ಮಾಡ್ಸಿದ್ರೂ ಮುಚ್ಚಳ ಹಾಕೋ ಮೊದಲು ಒಂದ್ಸಲ ತೋರ್ಸಿ ಅಂತ ಕೇಳಿ. ಫ್ಯೂಸ್ ಎಲ್ಲಿದೆ, ಗುಂಡಿ ವೈರ್ ಬಿಚ್ಚಿದ್ರೆ ವೋಲ್ಟೇಜ್ ಏರತ್ತಾ ಇಳಿಯತ್ತಾ, ಗ್ಯಾಸಿಗೆ ತೂತು ಇದ್ಯಾ, ಈ ಮೂರು ಕೇಳಿದಾಗ ಮುಖ ಗಂಟು ಹಾಕ್ದೇ ಬಿಚ್ಚಿ ತೋರ್ಸಿದ್ರೆ ದುಡ್ಡು ಕೊಡಿ. ಹೋಗುವಾಗ ನಿಮ್ಮ ರೂಟರಿನ ಅಡಾಪ್ಟರೇ ಕೈಯಲ್ಲಿ ಹಿಡ್ಕೊಂಡು ಹೋಗಿ, ಅದರ ಮೇಲೆ ವೋಲ್ಟು ಆಂಪು ಪಿನ್ನಿನ ಚಿಹ್ನೆ ಎಲ್ಲ ಇರತ್ತೆ, ನಾನು ಬರೀ ಬಾಯಲ್ಲಿ ಹೇಳೋಕೆ ಹೋಗಿ ಎರಡು ಸಲ ಶಿರಸಿಗೆ ಬಸ್ಸಲ್ಲಿ ಓಡಾಡ್ಬೇಕಾಯ್ತು.